ಸರ್ವೈವಲ್ ಎಕ್ಸ್‌ಪರ್ಟ್‌ಗಳು ತಮ್ಮ ಹೆಸರಿನ ಚಾಕುವನ್ನೇ ಬಳಸುತ್ತಾರಾ, ಇಲ್ಲ ಬರೀ ಮಾರುತ್ತಾರಾ?

ಗುಡ್ಡದಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಿದ್ದಾರೆ. ಏನು ತರಲಿ ಅಂತ ಕೇಳಿದರು. ಒಂದು ಒಳ್ಳೆಯ ಕ್ಯಾಂಪಿಂಗ್ ಚಾಕು ತನ್ನಿ ಅಂದೆ. ಯಾವುದು ಅಂತ ನೀನೇ ಆರಿಸಿ ಲಿಂಕ್ ಕಳಿಸು ಅಂದರು. ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಟಿವಿಯಲ್ಲಿ ಬರುವ ಒಬ್ಬೊಬ್ಬ ಎಕ್ಸ್‌ಪರ್ಟ್‌ಗೂ ಅವನ ಹೆಸರಿನದೇ ಒಂದು ಚಾಕು ಇದೆ. ಬೇರ್ ಗ್ರಿಲ್ಸ್‌ದು ಗರ್ಬರ್ ಕಂಪನಿಯ ಅಲ್ಟಿಮೇಟ್. ರೇ ಮಿಯರ್ಸ್‌ದು ವುಡ್‌ಲೋರ್. ಲೆಸ್ ಸ್ಟ್ರೌಡ್‌ದು ನಾರ್ವೆಯ ಹೆಲ್ಲೆ ಕಂಪನಿ ಮಾಡುವ ಟೆಮಗಾಮಿ. ಟಾಮ್ ಬ್ರೌನ್ ಜೂನಿಯರ್‌ದು ಟ್ರ್ಯಾಕರ್. ಅದಂತೂ ಕಾಲು ಇಂಚು ದಪ್ಪ, ಬೆನ್ನ ಮೇಲೆ ಗರಗಸದ ಹಲ್ಲು ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲರೂ ಕಲಿಸುವುದು ಕಾಡಲ್ಲಿ ಜೀವ ಉಳಿಸಿಕೊಳ್ಳುವುದನ್ನೇ ತಾನೆ? ಹಾಗಿದ್ದ ಮೇಲೆ ಚಾಕು ಯಾಕೆ ಇಷ್ಟು ಬೇರೆ ಬೇರೆ?

ಇನ್ನೂ ಎರಡು ಪ್ರಶ್ನೆ. ಕ್ಯಾಮೆರಾ ಆಫ್ ಆದ ಮೇಲೂ ಇವರು ಇದನ್ನೇ ಬಳಸುತ್ತಾರಾ? ಇನ್ನೊಂದು, ನನ್ನಂಥವನು ಯಾವುದು ತರಿಸಬೇಕು? ತೋಟದ ಹಿಂದೆ ಟೆಂಟ್ ಹಾಕಿ, ಸೌದೆ ಸೀಳಿ, ಅಲ್ಲೇ ಒಲೆ ಹೂಡಿ ಅಡುಗೆ ಮಾಡುವುದು ನನ್ನ ಕೆಲಸ. ಬಜೆಟ್ ಎಷ್ಟು ಅಂತ ಭಾವನಿಗೆ ಇನ್ನೂ ಹೇಳಿಲ್ಲ.

ಟೀವಿಹುಳ
ಬೇರ್ ಗ್ರಿಲ್ಸ್ ತಗೊಳ್ಳಿ ಗುರು. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಜಾಹೀರಾತುವೈರಿ
ಹೌದು, ಕಣ್ಣು ಮುಚ್ಚಿಕೊಂಡೇ ತಗೋಬೇಕು. ಬಿಟ್ಟರೆ ತಗೊಳ್ಳಲ್ಲ.

ಸಾಣೆಕಲ್ಲು
ಗರ್ಬರ್ ಅಲ್ಟಿಮೇಟ್ ನನ್ನ ಹತ್ತಿರ ಇದೆ. ಹಾಗಾಗಿ ಹೇಳುತ್ತೇನೆ, ಗಾಳಿಮಾತಲ್ಲ.

ಮೊದಲು ಒಳ್ಳೆಯದು. ಒರೆ ಚೆನ್ನಾಗಿ ಯೋಚಿಸಿ ಮಾಡಿದ್ದಾರೆ. ಕಿಡಿ ಹಾರಿಸುವ ಫೆರೋ ಕಡ್ಡಿ ಒರೆಯಲ್ಲೇ ಸಿಕ್ಕಿಸಿದೆ. ಹಿಂದೆ ವಜ್ರದ ಪುಡಿ ಮೆತ್ತಿದ ಸಣ್ಣ ಸಾಣೆ ಇದೆ. ದಾರದಲ್ಲಿ ಸೀಟಿ ಇದೆ. ವಿಮಾನಕ್ಕೆ ನೆಲದಿಂದ ಸಂಕೇತ ಕೊಡುವುದು ಹೇಗೆ ಅಂತ ಚಿತ್ರ ಕೂಡ ಇದೆ. ಹಿಡಿಯ ಹಿಂಬದಿಯಲ್ಲಿ ಸುತ್ತಿಗೆ ಥರ ಬಡಿಯಲು ಸ್ಟೀಲಿನ ಗಟ್ಟಿ ತುದಿ. ರಬ್ಬರ್ ಹಿಡಿ, ಒದ್ದೆ ಕೈಯಲ್ಲೂ ಜಾರುವುದಿಲ್ಲ.

ಈಗ ತಕರಾರು. ಅಲಗಿನ ಅರ್ಧ ಭಾಗಕ್ಕೆ ಗರಗಸದ ಹಲ್ಲು ಕೊಟ್ಟಿದ್ದಾರೆ. ಎಲ್ಲಿ ಕೊಟ್ಟಿದ್ದಾರೆ ಅಂತ ನೋಡಿ, ಹಿಡಿಗೆ ತಾಗಿಕೊಂಡೇ. ಕಡ್ಡಿ ಕೆತ್ತುವಾಗ, ಗೂಟಕ್ಕೆ ಕಚ್ಚು ಹಾಕುವಾಗ ನಮಗೆ ಬಲ ಸಿಗುವ ಜಾಗವೇ ಅದು. ಹಿಡಿಯ ಹತ್ತಿರ ಒತ್ತಿದಷ್ಟು ಬಲ ಮೊನೆಯ ಹತ್ತಿರ ಸಿಗಲ್ಲ. ಅಲ್ಲಿ ಹಲ್ಲು ಕೂರಿಸಿದರೆ ಮರ ಕೆತ್ತುವ ಬದಲು ಹರಿಯುತ್ತದೆ. ಹಗ್ಗ, ಸೀಟ್ ಬೆಲ್ಟ್ ಕೊಯ್ಯಲು ಹಲ್ಲು ಸರಿ. ಆದರೆ ಹಗ್ಗವನ್ನು ಹರಿತವಾದ ಸಾದಾ ಬಾಯಿ ಕೂಡ ಕೊಯ್ಯುತ್ತದೆ ಅಲ್ವಾ?

ಒಟ್ಟಿನಲ್ಲಿ ಅದು ಚಾಕುವಿಗಿಂತ ಜಾಸ್ತಿ ಒಂದು ಕಿಟ್. ಏನೂ ಗೊತ್ತಿಲ್ಲದವನಿಗೆ ಎಲ್ಲಾ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು.

ಟೀವಿಹುಳ
ಅದನ್ನೇ ನಾನೂ ಹೇಳಿದ್ದು. ಎಲ್ಲಾ ಒಂದೇ ಕಡೆ ಸಿಕ್ಕರೆ ಕಷ್ಟ ಏನು?

ಚಾರಣಚಟ
ಗ್ರಿಲ್ಸ್ ಹೆಸರಿನ ಚಾಕು ಮುರಿಯುತ್ತದೆ ಅಂತ ಕಂಪನಿಯೇ ವಾಪಸ್ ತರಿಸಿಕೊಂಡಿತ್ತಲ್ಲ. ಅದನ್ನು ಯಾರೂ ಹೇಳುತ್ತಿಲ್ಲ.

ಸಾಣೆಕಲ್ಲು
ಚಾರಣಚಟ, ಅದು ಈ ಚಾಕು ಅಲ್ಲ. 2012ರಲ್ಲಿ ವಾಪಸ್ ತರಿಸಿದ್ದು ಅವರದೇ ಹೆಸರಿನ ಪರಾಂಗ್, ಅಂದರೆ ಮಚ್ಚು. ಹಿಡಿ ಮತ್ತು ಅಲಗು ಸೇರುವ ಜಾಗ ದುರ್ಬಲವಾಗಿತ್ತು. ಬೀಸುವಾಗ ಅಲ್ಲಿ ಬಿರುಕು ಬಿಟ್ಟು ಮುರಿಯುವ ಅಪಾಯ ಇತ್ತು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಪ್ರಕಟಣೆ ಕೊಟ್ಟಿತ್ತು.

ಚಾರಣಚಟ
ಸರಿ, ಮಚ್ಚು ಅಂತಲೇ ಇರಲಿ. ಮುರಿಯುವ ಮಚ್ಚು ಇನ್ನೂ ಅಪಾಯ ತಾನೆ! ಅದರ ಮೇಲೂ ಹೆಸರು ಅದೇ, ಕಿತ್ತಳೆ ಬಣ್ಣವೂ ಅದೇ.

ಜಾಹೀರಾತುವೈರಿ
ಕ್ರಿಕೆಟಿಗರ ಬ್ಯಾಟ್ ನೋಡಿದ್ದೀರಲ್ಲ? ಮೇಲೆ ಒಂದು ಕಂಪನಿಯ ಸ್ಟಿಕ್ಕರ್, ಒಳಗೆ ಮರ ಕೆತ್ತಿಕೊಟ್ಟವನು ಬೇರೆಯೇ. ಇದೂ ಅಷ್ಟೇ. ಗ್ರಿಲ್ಸ್ ಮೊದಲು ಹಿಡಿಯುತ್ತಿದ್ದದ್ದು ಇಂಗ್ಲೆಂಡಿನ ಬೇಲಿ ಎಂಬ ತಯಾರಕ ಕೈಯಲ್ಲಿ ಮಾಡಿದ ಎಸ್4. ಅದು ದುಬಾರಿ, ಸಿಗುವುದೂ ಕಷ್ಟ. ಗರ್ಬರ್ ಜೊತೆ ಒಪ್ಪಂದ ಆದ ಮೇಲೆ ಸೊಂಟಕ್ಕೆ ಬಂದದ್ದು ಗರ್ಬರ್. ಗರ್ಬರ್ ಒಡೆಯ ಫಿನ್‌ಲ್ಯಾಂಡಿನ ಫಿಸ್ಕಾರ್ಸ್, ಅದೇ ಕಿತ್ತಳೆ ಹಿಡಿಯ ಕತ್ತರಿ ಮಾಡುವವರು. ವ್ಯಾಪಾರ ಸ್ವಾಮಿ, ವ್ಯಾಪಾರ.

ಮತ್ತೆ 2007ರಲ್ಲಿ ಆದ ಗಲಾಟೆ ನೆನಪಿದೆಯಾ? ಕಾಡಲ್ಲಿ ಮಲಗಿದ ಹಾಗೆ ತೋರಿಸಿ, ಕೆಲವು ರಾತ್ರಿ ಹೋಟೆಲಿನಲ್ಲಿ ಮಲಗಿದ್ದು ಹೊರಬಂತು. ಆಮೇಲೆ ಕಾರ್ಯಕ್ರಮದ ಶುರುವಿಗೆ ಸೂಚನೆ ಹಾಕಲು ಶುರು ಮಾಡಿದರು.

ಟೀವಿಹುಳ
ಆ ಮನುಷ್ಯ ಬ್ರಿಟಿಷ್ ಸೇನೆಯ 21 ಎಸ್‌ಎಎಸ್ ಎಂಬ ವಿಶೇಷ ಪಡೆಯಲ್ಲಿ ಇದ್ದವನು. 1996ರಲ್ಲಿ ಪ್ಯಾರಾಚೂಟ್ ಸರಿಯಾಗಿ ಬಿಚ್ಚದೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ. 1998ರಲ್ಲಿ ಎವರೆಸ್ಟ್ ಹತ್ತಿದ. ಹೋಟೆಲಿನಲ್ಲಿ ಮಲಗಿದರೆ ಮಲಗಲಿ ಬಿಡಿ. ನೀವು ಎಲ್ಲಿ ಹತ್ತಿದ್ದೀರಿ?

ಜಾಹೀರಾತುವೈರಿ
ಮೆಟ್ರೋ ಮೆಟ್ಟಿಲು. ದಿನಾ.

ಲೀಡ್ಸ್‌ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿ ಇರುವವನು. ಇಲ್ಲಿ ಬುಶ್‌ಕ್ರಾಫ್ಟ್, ಅಂದರೆ ಕಾಡಲ್ಲಿ ಬದುಕುವ ವಿದ್ಯೆ ಅಂದರೆ ನೆನಪಾಗುವುದು ಗ್ರಿಲ್ಸ್ ಅಲ್ಲ, ರೇ ಮಿಯರ್ಸ್. ಅವರ ವುಡ್‌ಲೋರ್ ಚಾಕುವಿನ ಕಥೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಗುಡ್ಡದಹುಡುಗನ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮಿಯರ್ಸ್ 1983ರಲ್ಲೇ ವುಡ್‌ಲೋರ್ ಅಂತ ತರಬೇತಿ ಶಾಲೆ ಶುರು ಮಾಡಿದ್ದರು. ಟಿವಿ ಆಮೇಲೆ ಬಂತು. ಪಾಠ ಮಾಡುತ್ತಾ ಮಾಡುತ್ತಾ ತನಗೆ ಎಂಥ ಚಾಕು ಬೇಕು ಅಂತ ಗೊತ್ತಾಯಿತು. 1990ರ ಸುಮಾರಿಗೆ ಅದನ್ನು ಅಲನ್ ವುಡ್ ಎಂಬ ಚಾಕು ತಯಾರಕರ ಕೈಯಲ್ಲಿ ಮಾಡಿಸಿದರು. ಅಲಗು ಸುಮಾರು 11 ಸೆಂಟಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪ. ಓ1 ಎಂಬ ಟೂಲ್ ಸ್ಟೀಲ್. ಹಿಡಿಗೆ ಗಂಟುಗಂಟಾದ ಮರ. ಹಲ್ಲಿಲ್ಲ, ಸೀಟಿ ಇಲ್ಲ, ಬಣ್ಣ ಇಲ್ಲ. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ.

ಆ ಚಾಕು ಬೇಕು ಅಂದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಸುತ್ತಮುತ್ತಲಿನ ತಯಾರಕರೆಲ್ಲ ಅದೇ ಆಕಾರ ನಕಲು ಮಾಡಿದರು. ಇವತ್ತು ಬುಶ್‌ಕ್ರಾಫ್ಟ್ ಚಾಕು ಅಂತ ಮಾರುವ ಅರ್ಧಕ್ಕರ್ಧ ಚಾಕುಗಳ ಮೂಲ ಇದೇ ಅಂದರೆ ತಪ್ಪಲ್ಲ.

ಗ್ರಿಲ್ಸ್ ಓಡುವವರು, ಮಿಯರ್ಸ್ ಕೂರುವವರು. ಒಬ್ಬರಿಗೆ ಹೆಲಿಕಾಪ್ಟರ್ ಬರುವ ತನಕ ಜೀವ ಉಳಿದರೆ ಸಾಕು. ಇನ್ನೊಬ್ಬರು ಅದೇ ಕಾಡಲ್ಲಿ ಕೂತು ಮರದ ಚಮಚ ಕೆತ್ತುತ್ತಾ ಚಹಾ ಕುದಿಸುತ್ತಾರೆ. ಚಾಕು ಬೇರೆ ಆಗದೆ ಇನ್ನೇನಾಗುತ್ತದೆ?

ಗುಡ್ಡದಹುಡುಗ
ಇದು ಚೆನ್ನಾಗಿದೆ. ಹಾಗಾದರೆ ನಾನು ಕೂರುವವನು. ವುಡ್‌ಲೋರ್ ತರಿಸಬಹುದಾ?

ಲೀಡ್ಸ್‌ಕನ್ನಡಿಗ
ತರಿಸಬಹುದು. ಭಾವನ ಜೊತೆ ಮಾತು ಬಿಡುವ ಯೋಚನೆ ಇದ್ದರೆ.

ಮಚ್ಚುಮಾಮ
ಅಲ್ಲಾ ಮಾರಾಯ್ರೆ, ಇಷ್ಟಕ್ಕೆಲ್ಲಾ ಅಮೆರಿಕ ಇಂಗ್ಲೆಂಡ್ ಯಾಕೆ? ನಮ್ಮೂರ ಆಚಾರಿ ಹತ್ತಿರ ಲಾರಿ ಸ್ಪ್ರಿಂಗ್ ಪಟ್ಟೆ ಕೊಟ್ಟರೆ ಕುಲುಮೆಯಲ್ಲಿ ಕಾಸಿ ಬಡಿದು ಬೇಕಾದ ಹಾಗೆ ಕತ್ತಿ ಮಾಡಿಕೊಡುತ್ತಾರೆ. ಹದ ಹಾಕುವುದನ್ನು ಅವರಿಗೆ ಯಾವ ಟಿವಿಯವನೂ ಹೇಳಿಕೊಡಬೇಕಾಗಿಲ್ಲ.

ಸಾಣೆಕಲ್ಲು
ಮಾಮ, ಸ್ಪ್ರಿಂಗ್ ಪಟ್ಟೆ ಮಚ್ಚಿಗೆ ಬಹಳ ಒಳ್ಳೆಯದು. ಪೆಟ್ಟು ತಡೆಯುತ್ತದೆ, ಬಾಗಿದರೂ ವಾಪಸ್ ಬರುತ್ತದೆ. ಸಣ್ಣ ಚಾಕುವಿಗೂ ಆಗುತ್ತದೆ, ಹದ ಸರಿಯಾಗಿ ಬಿದ್ದರೆ. ಆದರೆ ಈ ಚರ್ಚೆ ಎಕ್ಸ್‌ಪರ್ಟ್‌ಗಳ ಚಾಕು ಬಗ್ಗೆ.

ಮಚ್ಚುಮಾಮ
ಆಚಾರಿ ಎಕ್ಸ್‌ಪರ್ಟ್ ಅಲ್ವಾ?

ಹಳೇಪುಸ್ತಕ
ಎಲ್ಲರೂ ಟಿವಿಯಿಂದಲೇ ಶುರು ಮಾಡುತ್ತಿದ್ದೀರಿ. ಹೆಸರಿನ ಚಾಕು ಅನ್ನೋದು ಟಿವಿಗಿಂತ ತುಂಬಾ ಹಳೆಯದು.

ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಅಂತ ಒಬ್ಬರಿದ್ದರು. 1821ರಲ್ಲಿ ಹುಟ್ಟಿ 1890ರಲ್ಲಿ ತೀರಿಕೊಂಡರು. ಕಸುಬು ಚಪ್ಪಲಿ ಹೊಲಿಯುವುದು. ನೆಸ್‌ಮುಕ್ ಎಂಬ ಹೆಸರಲ್ಲಿ ಕಾಡಿನ ಬಗ್ಗೆ ಬರೆಯುತ್ತಿದ್ದರು. ಆಳು ಸಣ್ಣ, ಆರೋಗ್ಯವೂ ಅಷ್ಟಕ್ಕಷ್ಟೇ. ಅದಕ್ಕೇ ಹೊರೆ ಕಡಿಮೆ ಮಾಡುವುದೇ ಅವರ ತಪಸ್ಸು. 1883ರಲ್ಲಿ ಅಡಿರಾಂಡಾಕ್ ಕೆರೆಗಳಲ್ಲಿ ಅವರು ಓಡಾಡಿದ ದೋಣಿಯ ತೂಕ ಐದು ಕಿಲೋ ಕೂಡ ಇರಲಿಲ್ಲ. ಆ ದೋಣಿಯನ್ನು ಹೆಗಲ ಮೇಲೆ ಹೊತ್ತು ಇನ್ನೊಂದು ಕೆರೆಗೆ ನಡೆಯುತ್ತಿದ್ದರು.

ಅವರು ಇಟ್ಟುಕೊಂಡಿದ್ದು ಮೂರು ಸಾಮಾನು. ಎರಡು ಬಾಯಿಯ ಸಣ್ಣ ಕೊಡಲಿ, ಮಡಚುವ ಚಾಕು, ತೆಳ್ಳನೆ ಅಲಗಿನ ಒಂದು ಒರೆಚಾಕು. ಆ ಮೂರನೆಯದರ ಬೆನ್ನು ಮೊನೆಯ ಹತ್ತಿರ ಸ್ವಲ್ಪ ಉಬ್ಬಿರುತ್ತದೆ. ಇವತ್ತಿಗೂ ತಯಾರಕರು ಅದನ್ನು ನೆಸ್‌ಮುಕ್ ಅಂತಲೇ ಮಾರುತ್ತಾರೆ. ತಮಾಷೆ ಏನಂದರೆ ಈಗ ನೆಸ್‌ಮುಕ್ ಅಂತ ಸಿಗುವ ಎಷ್ಟೋ ಚಾಕುಗಳು ದಪ್ಪ ದಪ್ಪ. ಅವರ ಚಾಕು ತೆಳುವಾಗಿದ್ದದ್ದೇ ಯಾಕೆ? ಕಡಿಯಲು ಕೊಡಲಿ ಇತ್ತು. ಚಾಕುವಿಗೆ ಉಳಿದದ್ದು ಚರ್ಮ ಸುಲಿಯುವುದು, ಮಾಂಸ ಕೊಯ್ಯುವುದು, ಊಟಕ್ಕೆ ಹೆಚ್ಚುವುದು.

ಅವರಾದ ಮೇಲೆ ಹೊರೇಸ್ ಕೆಫರ್ಟ್. ಸೇಂಟ್ ಲೂಯಿಸ್‌ನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದವರು. ಅದೆಲ್ಲ ಬಿಟ್ಟು ಸ್ಮೋಕಿ ಬೆಟ್ಟಗಳಿಗೆ ಹೋಗಿ ನೆಲೆಸಿದರು. ಆ ಬೆಟ್ಟಗಳು ರಾಷ್ಟ್ರೀಯ ಉದ್ಯಾನ ಆಗಲಿ ಅಂತ ಹೋರಾಡಿದವರಲ್ಲಿ ಅವರೂ ಒಬ್ಬರು. ಉದ್ಯಾನ ಆಗುವ ಮೊದಲೇ, 1931ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಪೆನ್ಸಿಲ್ವೇನಿಯಾದ ಕೋಲ್‌ಕ್ಲೆಸರ್ ಅಣ್ಣತಮ್ಮಂದಿರು ಅವರ ಮಾದರಿಯ ಚಾಕು ಮಾಡಿ ಮಾರುತ್ತಿದ್ದರು. ಅಡುಗೆಮನೆ ಚಾಕುವಿನಷ್ಟೇ ಸಾದಾ. ದೊಡ್ಡ ಹಿಡಿ, ಅಡ್ಡಪಟ್ಟಿ, ಹೆದರಿಸುವಂಥ ಮೊನೆ ಇರುವ ಬೇಟೆ ಚಾಕುಗಳನ್ನು ಅವರು ಆಗಲೇ ಲೇವಡಿ ಮಾಡಿದ್ದರು.

ಅಂದರೆ ಎಕ್ಸ್‌ಪರ್ಟ್ ಹೆಸರಲ್ಲಿ ಚಾಕು ಮಾರುವುದು ನೂರು ವರ್ಷದ ಹಿಂದೆಯೂ ಇತ್ತು. ಅದರಲ್ಲೇ ತಪ್ಪೇನೂ ಇಲ್ಲ. ಆ ಚಾಕು ಯಾವ ಕೆಲಸದಿಂದ ಹುಟ್ಟಿತು ಅಂತ ನೋಡಬೇಕು.

ಗುಡ್ಡದಹುಡುಗ
ಲೈಬ್ರರಿಯಿಂದ ಸೀದಾ ಕಾಡಿಗೆ! ಈ ಮನುಷ್ಯ ನನಗೆ ಇಷ್ಟ ಆದರು.

ಕೆನಡಾಕಾಕಾ
ನಮ್ಮ ಕಡೆಯವರ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಲೆಸ್ ಸ್ಟ್ರೌಡ್ ಕೆನಡಾದವರು. ಸರ್ವೈವರ್‌ಮ್ಯಾನ್ ಕಾರ್ಯಕ್ರಮದಲ್ಲಿ ಕ್ಯಾಮೆರಾ ತಂಡ ಇಲ್ಲದೆ ಏಳು ದಿನ ಒಬ್ಬರೇ ಇರುತ್ತಿದ್ದರು. ಕ್ಯಾಮೆರಾಗಳನ್ನೂ ಅವರೇ ಹೊರಬೇಕು, ಅವರೇ ಇಡಬೇಕು, ನಡೆದು ಹೋಗಬೇಕು, ಮತ್ತೆ ವಾಪಸ್ ಬಂದು ಕ್ಯಾಮೆರಾ ಎತ್ತಿಕೊಂಡು ಹೋಗಬೇಕು. ಅವರ ಕೈಯಲ್ಲಿ ಎಷ್ಟೋ ಸಂಚಿಕೆಗಳಲ್ಲಿ ಇದ್ದದ್ದು ಬರೀ ಮಲ್ಟಿಟೂಲ್, ಅಂದರೆ ಇಕ್ಕಳ, ಸಣ್ಣ ಚಾಕು ಎಲ್ಲಾ ಒಂದರಲ್ಲೇ ಮಡಚಿಟ್ಟ ಸಾಧನ. ಕಾರು ಕೆಟ್ಟು ನಿಂತವನ, ವಿಮಾನ ಬಿದ್ದವನ ಜೇಬಿನಲ್ಲಿ ಏನಿರುತ್ತದೋ ಅದರಲ್ಲೇ ಮಾಡಿ ತೋರಿಸುವುದು ಅವರ ಹಟ. ಟೆಮಗಾಮಿ ಚಾಕು ಆಮೇಲೆ ಬಂತು. ಟೆಮಗಾಮಿ ಒಂಟಾರಿಯೋದಲ್ಲಿರುವ ಕೆರೆಗಳ ಸೀಮೆ. ಚಾಕು ಮಾಡುವ ಹೆಲ್ಲೆ ಕಂಪನಿ 1932ರಿಂದ ನಾರ್ವೆಯ ಹೋಲ್ಮೆಡಾಲ್ ಎಂಬ ಊರಲ್ಲಿದೆ. ಮೂರು ಪದರದ ಉಕ್ಕು. ನಡುವೆ ಗಡಸು, ಎರಡು ಬದಿಗೆ ಮೆದು. ಬಾಯಿ ಹರಿತ ಉಳಿಯುತ್ತದೆ, ಅಲಗು ಸುಲಭಕ್ಕೆ ಮುರಿಯಲ್ಲ. ಹಿಡಿ ಬರ್ಚ್ ಮರದ್ದು, ಕೈಗೆ ಸಿಕ್ಕರೆ ಕೆಳಗಿಡಲು ಮನಸ್ಸು ಬರಲ್ಲ. ಪಟ್ಟಿಯಲ್ಲಿರುವ ನಾಲ್ಕರಲ್ಲಿ ನನ್ನ ಓಟು ಇದಕ್ಕೆ.

ಆದರೆ ನಿಜವಾದ ಗುರು ಮೋರ್ಸ್ ಕೊಖಾನ್ಸ್ಕಿ. ಆಲ್ಬರ್ಟಾದಲ್ಲಿ ದಶಕಗಟ್ಟಲೆ ಪಾಠ ಮಾಡಿದರು, 2019ರಲ್ಲಿ ತೀರಿಕೊಂಡರು. ಅವರ ಕುತ್ತಿಗೆಯಲ್ಲಿ ನೇತಾಡುತ್ತಿದ್ದದ್ದು ಸ್ವೀಡನ್ನಿನ ಅಗ್ಗದ ಮೊರಾ ಚಾಕು. ದಪ್ಪ ಕೋಟು ಹಾಕಿದಾಗ ಸೊಂಟದ ಚಾಕು ಕೈಗೆ ಸಿಗಲ್ಲ, ಕುತ್ತಿಗೆಯದು ಸಿಗುತ್ತದೆ. ಅಲಗು ಅಂಗೈ ಅಗಲದಷ್ಟು ಉದ್ದ ಇದ್ದರೆ ಸಾಕು ಅನ್ನುತ್ತಿದ್ದರು. ಕಾರ್ಬನ್ ಉಕ್ಕು ಇರಲಿ, ಬೆನ್ನು ಚೂಪಾದ ಅಂಚಿನದಾಗಿರಲಿ, ಕಿಡಿ ಹಾರಿಸಲು ಬೇಕು. ಇಷ್ಟೇ. ಅವರು ಹೇಳಿದ ಗುಣಗಳನ್ನೆಲ್ಲ ಸೇರಿಸಿ ಅಮೆರಿಕದ ಮೊಂಟಾನಾದಲ್ಲಿ ಸ್ಕೂಕಮ್ ಬುಶ್ ಟೂಲ್ ಅಂತ ಕೈಯಲ್ಲೇ ಮಾಡಿದ ಚಾಕುವೂ ಬಂತು, ಒಳ್ಳೆಯ ಚಾಕು. ಆದರೂ ಮೊರಾ ಮಾತ್ರ ಕೈಬಿಡಲಿಲ್ಲ.

ಚಾರಣಚಟ
ಡ್ಯುಯಲ್ ಸರ್ವೈವಲ್ ಟಿವಿ ಕಾರ್ಯಕ್ರಮದ ಕೋಡಿ ಲಂಡಿನ್ ಕುತ್ತಿಗೆಯಲ್ಲೂ ಮೊರಾನೇ ಇತ್ತು. ಕಾಲಿಗೆ ಚಪ್ಪಲಿ ಇಲ್ಲ, ಹಿಮದಲ್ಲೂ ಚಡ್ಡಿ. ಜೊತೆಗಿದ್ದ ಡೇವ್ ಕ್ಯಾಂಟರ್ಬರಿ ಪೂರ್ತಿ ಉಲ್ಟಾ. ದಪ್ಪ ಚಾಕು, ದೊಡ್ಡ ಚಾಕು. ಅವರ ಹೆಸರಲ್ಲಿ ಒಂದಲ್ಲ, ಎಷ್ಟೋ ಮಾದರಿ ಬಂದಿವೆ.

ಆದರೆ ಕ್ಯಾಂಟರ್ಬರಿ ಹೇಳುವ ಐದರ ಪಟ್ಟಿ ನನಗೆ ಇಷ್ಟ. ಕೊಯ್ಯುವ ಸಾಧನ, ಬೆಂಕಿ ಹಚ್ಚುವುದು, ಮೈ ಮುಚ್ಚುವುದು, ನೀರು ಕುದಿಸುವ ಪಾತ್ರೆ, ಹಗ್ಗ. ಕಾಡಲ್ಲಿ ಕೈಯಿಂದ ಮಾಡಿಕೊಳ್ಳಲು ಕಷ್ಟವಾದದ್ದನ್ನು ಮನೆಯಿಂದಲೇ ಒಯ್ಯಿ ಅನ್ನೋದು ಅದರ ತಿರುಳು. ಬೇರೆ ಸಾಮಾನು ಏನಿಲ್ಲದಿದ್ದರೂ ಚಾಕು ಇದ್ದರೆ ಮಾಡಿಕೊಳ್ಳಬಹುದು. ಚಾಕುವನ್ನು ಮಾಡಿಕೊಳ್ಳೋದು ಎಲ್ಲಿಂದ?

ಮಚ್ಚುಮಾಮ
ಆಚಾರಿಯಿಂದ.

ಸಾಣೆಕಲ್ಲು
ಮಾಮ 😂

ಉಕ್ಕಿನಮನುಷ್ಯ
ಮೊರಾ ಮೊರಾ ಅಂತ ಎಲ್ಲರೂ ಕುಣಿಯುತ್ತೀರಿ. ಸಾಮಾನ್ಯ ಮೊರಾದಲ್ಲಿ ಉಕ್ಕು ಹಿಡಿಯ ತುದಿವರೆಗೆ ಹೋಗುವುದೇ ಇಲ್ಲ. ಫುಲ್ ಟ್ಯಾಂಗ್ ಅಲ್ಲ. ಸೌದೆ ಮೇಲೆ ಇಟ್ಟು ಬೆನ್ನಿಗೆ ಕೊರಡಿನಿಂದ ಹೊಡೆದರೆ ಒಂದು ದಿನ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಸರ್ವೈವಲ್ ಚಾಕು ಅಂದರೆ ಮುರಿಯಬಾರದು. ಅದಕ್ಕೇ ಈಎಸ್‌ಈಈ 4 ತಗೊಳ್ಳಿ. 1095 ಎಂಬ ಕಾರ್ಬನ್ ಉಕ್ಕು, ಹಿಡಿಯ ತುದಿವರೆಗೂ ಒಂದೇ ಪಟ್ಟಿ. ಮುರಿದರೆ ಯಾಕೆ ಮುರಿಯಿತು ಅಂತಲೂ ಕೇಳದೆ ಬದಲಿಸಿಕೊಡುತ್ತಾರೆ. ಅದನ್ನು ಮಾಡಿದವರು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ತರಬೇತಿ ಕೊಟ್ಟವರು, ಟಿವಿಯವರಲ್ಲ.

ಕೆನಡಾಕಾಕಾ
ಮೈನಸ್ ಮೂವತ್ತು ಡಿಗ್ರಿಯ ಕಾಡಲ್ಲಿ ಇಷ್ಟು ವರ್ಷ ಶಿಷ್ಯರು ಮೊರಾ ಹಿಡಿದೇ ಕಲಿತಿದ್ದಾರೆ ಅಪ್ಪಾ. ಸೌದೆ ಸೀಳಲು ಕೊಡಲಿ ಅಂತ ಒಂದು ಇದೆ.

ಉಕ್ಕಿನಮನುಷ್ಯ
ಕೊಡಲಿ ಕಳೆದುಹೋದರೆ?

ಕೆನಡಾಕಾಕಾ
ಚಾಕು ಕಳೆದುಹೋದರೆ?

ಲೀಡ್ಸ್‌ಕನ್ನಡಿಗ
ಇಬ್ಬರೂ ನಿಲ್ಲಿ. ಚಾಕುವಿನಿಂದ ಸೀಳುವುದು ಸುಮ್ನೆ ಶೋಕಿಗಲ್ಲ. ಮೂರು ದಿನ ಮಳೆ ಬಂದಾಗ ಹೊರಗಿನ ಸೌದೆ ಪೂರ್ತಿ ತೊಯ್ದಿರುತ್ತದೆ. ಕೈಮಣಿಕಟ್ಟಿನ ದಪ್ಪದ ಒಣ ಕೊಂಬೆಯನ್ನು ನಾಲ್ಕಾಗಿ ಸೀಳಿದರೆ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಆ ತಿರುಳನ್ನು ತೆಳ್ಳಗೆ ಹೆರೆಯಬೇಕು, ಆದರೆ ಹೆರೆದದ್ದು ಉದುರಬಾರದು. ಕಡ್ಡಿಗೇ ಗುಂಗುರು ಗುಂಗುರಾಗಿ ಅಂಟಿಕೊಂಡಿರಬೇಕು. ಅಂಥ ನಾಲ್ಕು ಕಡ್ಡಿ ಸೇರಿಸಿ ಕಿಡಿ ಕೊಟ್ಟರೆ ಕಾಗದ, ಸೀಮೆಎಣ್ಣೆ ಏನೂ ಬೇಡ. ಮಿಯರ್ಸ್ ಇದನ್ನು ಮಾಡುವುದನ್ನು ನೋಡಿದರೆ ಆ ಚಾಕು ಯಾಕೆ ಹಾಗಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಸೀಳಲು 4 ಮಿಲಿಮೀಟರ್ ದಪ್ಪ, ಹೆರೆಯಲು ಸ್ಕ್ಯಾಂಡಿ ಬಾಯಿ.

ಗುಡ್ಡದಹುಡುಗ
ಸ್ಕ್ಯಾಂಡಿ ಬಾಯಿ ಅಂದರೆ?

ಸಾಣೆಕಲ್ಲು
ಇದು ನನ್ನ ಇಲಾಖೆ.

ಅಡುಗೆಮನೆ ಚಾಕುವಿನಲ್ಲಿ ಅಲಗು ಬೆನ್ನಿನಿಂದಲೇ ತೆಳುವಾಗುತ್ತಾ ಬರುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಇರುತ್ತದೆ. ಸಾಣೆ ಹಿಡಿಯುವಾಗ ಆ ಕೋನ ಅಂದಾಜಿನಲ್ಲಿ ಹಿಡಿಯಬೇಕು, ಹೊಸಬರ ಕೈ ಅಲ್ಲೇ ತಪ್ಪುತ್ತದೆ. ಸ್ಕ್ಯಾಂಡಿಯಲ್ಲಿ ಅಲಗಿನ ಅರ್ಧಕ್ಕಿಂತ ಜಾಸ್ತಿ ಭಾಗ ಒಂದೇ ದಪ್ಪ, ಆಮೇಲೆ ಒಂದೇ ಅಗಲವಾದ ಇಳಿಜಾರು ಸೀದಾ ಬಾಯಿಗೆ ಹೋಗುತ್ತದೆ. ಆ ಇಳಿಜಾರನ್ನು ಕಲ್ಲಿನ ಮೇಲೆ ಮಲಗಿಸಿದರೆ ತಾನೇ ಕೂತುಕೊಳ್ಳುತ್ತದೆ. ಕೋನ ಹುಡುಕುವ ಕೆಲಸ ಇಲ್ಲ.

ಪರೀಕ್ಷೆಗೆ ಒಂದು ಉಪಾಯ. ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿಯಿರಿ. ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿ. ಮಸಿ ಪೂರ್ತಿ ಹೋಗಿದ್ದರೆ ಸರಿ. ಬೆನ್ನಿನ ಕಡೆ ಮಾತ್ರ ಹೋಗಿ ಬಾಯಿಯ ಹತ್ತಿರ ಕಪ್ಪು ಗೆರೆ ಉಳಿದಿದ್ದರೆ ಇನ್ನೂ ಮೊಂಡೇ ಇದೆ ಅಂತ. ಬಾಯಿಯಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಎತ್ತಿ ಹಿಡಿದಿದ್ದೀರಿ, ಇಳಿಸಿ.

ಕಾಡಲ್ಲಿ ಕೂತು ಪಾಠ ಮಾಡುವವರೆಲ್ಲ ಇದನ್ನೇ ಯಾಕೆ ಇಷ್ಟಪಡುತ್ತಾರೆ ಅಂದರೆ ಕಾರಣ ಇದು. ಶಿಷ್ಯನೂ ಹರಿತ ಮಾಡಿಕೊಳ್ಳಬಹುದು. ಗರ್ಬರ್‌ನ ಹಲ್ಲುಗಳನ್ನು ಕಾಡಲ್ಲಿ ಹರಿತ ಮಾಡಿ ತೋರಿಸಿ ನೋಡೋಣ.

ಟೀವಿಹುಳ
ಹೆಲಿಕಾಪ್ಟರ್ ಬರುತ್ತದೆ ಅಂತ ನೀವೇ ಹೇಳಿದಿರಲ್ಲ, ಹರಿತ ಯಾಕೆ ಮಾಡಬೇಕು?

ಪಶ್ಚಿಮಘಟ್ಟ
ಇಲ್ಲಿ ಮಾತಾಡಿದ್ದೆಲ್ಲಾ ಚಳಿ ದೇಶದ ಕಾಡು. ಪೈನ್‌ನಂಥ ಮೆದು ಮರ. ಮಳೆಕಾಡಿಗೆ ಬಂದರೆ ಲೆಕ್ಕ ಬೇರೆ. ಮಲೇಷ್ಯಾ, ಬೋರ್ನಿಯೊ ಕಡೆ ಪರಾಂಗ್ ಇಲ್ಲದೆ ಯಾರೂ ಕಾಡಿಗೆ ಇಳಿಯಲ್ಲ. ದಾರಿ ಬಿಡಿಸುವುದು, ಬಿದಿರು ಕಡಿಯುವುದು, ಗುಡಿಸಲು ಹಾಕುವುದು, ಎಲ್ಲಾ ಅದರಲ್ಲೇ. ಅಲ್ಲಿಗೆ ಹೋದರೆ ಮಿಯರ್ಸ್ ಕೂಡ ಪರಾಂಗ್ ಹಿಡಿಯುತ್ತಾರೆ. ತನ್ನ ಹೆಸರಿನ ಚಾಕು ಇದೆ ಅಂತ ಅದರಲ್ಲೇ ಬಿದಿರು ಕಡಿಯುತ್ತಾ ಕೂರುವುದಿಲ್ಲ. ನಮ್ಮ ಘಟ್ಟದ ಮೇಲಿನವರ ಕತ್ತಿಯೂ ಅದೇ ಕಾರಣಕ್ಕೆ ಉದ್ದ, ತುದಿಯಲ್ಲಿ ಭಾರ. ಮಚ್ಚುಮಾಮ ಹೇಳಿದ್ದರಲ್ಲಿ ಅರ್ಥ ಇದೆ.

ಇನ್ನು ಯಾವ ಸ್ಟಾರ್ ಹೆಸರೂ ಇಲ್ಲದ ಒಂದು ಚಾಕು ನೋಡಿ. ಸ್ವೀಡನ್ನಿನ ಫಾಲ್‌ಕ್ನಿವೆನ್ ಎಫ್1. 1995ರಿಂದ ಸ್ವೀಡಿಷ್ ವಾಯುಪಡೆಯ ಪೈಲಟ್‌ಗಳಿಗೆ ಇದೇ ಅಧಿಕೃತ ಚಾಕು. ಅಲಗು 10 ಸೆಂಟಿಮೀಟರ್ ಕೂಡ ಇಲ್ಲ. ವಿಮಾನದಿಂದ ಹಾರಿಕೊಂಡವನಿಗೆ ಅಷ್ಟು ಸಾಕು ಅಂತ ಒಂದು ವಾಯುಪಡೆ ತೀರ್ಮಾನ ಮಾಡಿದೆ. ನಮಗೆ ಮಾತ್ರ ಕಾಲು ಇಂಚು ದಪ್ಪ, ಬೆನ್ನಲ್ಲಿ ಗರಗಸ ಎಲ್ಲಾ ಬೇಕು.

ಮಚ್ಚುಮಾಮ
ಪಶ್ಚಿಮಘಟ್ಟ, ನಿಮಗೆ ಒಂದು ಚಹಾ ನನ್ನ ಕಡೆಯಿಂದ.

ಟೀವಿಹುಳ
ಗ್ರಿಲ್ಸ್ ನಮ್ಮ ಬಂಡೀಪುರಕ್ಕೇ ಬಂದಿದ್ದಾರೆ, ಅದು ಯಾರಿಗೂ ನೆನಪಿಲ್ಲ. 2020ರ ಜನವರಿಯಲ್ಲಿ ರಜನಿಕಾಂತ್ ಜೊತೆ ಶೂಟಿಂಗ್ ಆಯಿತು. ಅಕ್ಷಯ್ ಕುಮಾರ್ ಕೂಡ ಬಂದಿದ್ದರು.

ಜಾಹೀರಾತುವೈರಿ
ನೆನಪಿದೆ. ರಜನಿಗೆ ಸಣ್ಣ ಗೀರು ಆಗಿದ್ದು ದೊಡ್ಡ ಸುದ್ದಿ ಆಗಿತ್ತು. ಹುಲಿ ಕಾಡಿನಲ್ಲಿ ಶೂಟಿಂಗ್ ಯಾಕೆ ಅಂತ ಆಗಲೇ ಎಷ್ಟೋ ಜನ ಕೇಳಿದ್ದರು. ನಾವು ಒಂದು ಬ್ಲೇಡ್ ಇಟ್ಟುಕೊಂಡು ಒಳಗೆ ಹೋದರೆ ಏನಾಗುತ್ತದೆ ಅಂತ ಯಾರಾದರೂ ಹೇಳಿ.

ಕೋರ್ಟುಕಚೇರಿ
ಹೇಳುತ್ತೇನೆ. ಗುಡ್ಡದಹುಡುಗ ಇದನ್ನು ಓದಲೇಬೇಕು.

ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್. ಇದು ಅಡುಗೆಗೆ ಸ್ವಾಮಿ ಅಂತ ಗೇಟಿನಲ್ಲಿ ನಿಂತು ವಾದ ಮಾಡುವ ಬದಲು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಆಯುಧಗಳ ನಿಯಮ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಬರುತ್ತದೆ. ಮನೆಗೆಲಸ, ಬೇಸಾಯಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. ಅದಕ್ಕೇ ಅಡಿಕೆ ತೋಟದ ಕತ್ತಿಗೆ ಯಾರೂ ಲೈಸೆನ್ಸ್ ಕೇಳಲ್ಲ. ಇಲ್ಲಿ ಹೆಸರಿಸಿದ ಸಣ್ಣ ಚಾಕುಗಳೆಲ್ಲ ಆ ಅಳತೆಯ ಒಳಗೇ ಇವೆ. ಹಾಗಂತ ಬಸ್ಸಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು ಅಂತ ಅಲ್ಲ. ಪೊಲೀಸರಿಗೆ ವಿವರಣೆ ಕೊಡುವ ಕೆಲಸ ನಿಮ್ಮದೇ. ಭಾವನಿಗೂ ಹೇಳಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಕು, ಕೈಚೀಲದಲ್ಲಿ ಅಲ್ಲ.

ಲೀಡ್ಸ್‌ಕನ್ನಡಿಗ
ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ. 3 ಇಂಚಿನೊಳಗಿನ, ಲಾಕ್ ಆಗದ, ಮಡಚುವ ಚಾಕು ಮಾತ್ರ ಕಾರಣ ಇಲ್ಲದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಮಿಯರ್ಸ್ ಚಾಕುವನ್ನು ಸರಿಯಾದ ಕಾರಣ ಇಲ್ಲದೆ ಕಾರಿನಲ್ಲಿ ಬಿಟ್ಟರೂ ತೊಂದರೆ. 4 ವರ್ಷದವರೆಗೂ ಜೈಲು. ಅವರದೇ ಊರಲ್ಲಿ!

ಕೊಡಗಿನಕಾಫಿ
ನಮ್ಮ ಪೀಚೆಕತ್ತಿ, ಒಡಿಕತ್ತಿ ಬಗ್ಗೆ ಒಂದು ಮಾತೂ ಇಲ್ಲವಾ? ಬೆನ್ನಿನ ತೋಡಂಗ್ ಎಂಬ ಕೊಂಡಿಗೆ ಒಡಿಕತ್ತಿ ಸಿಕ್ಕಿಸಿದರೆ ಯಾವ ಗ್ರಿಲ್ಸ್ ಬೇಕು?

ನಿರ್ವಾಹಕ
ಅದಕ್ಕೆ ಬೇರೆ ಎಳೆ ಇದೆ, 600 ಉತ್ತರ ಆಗಿದೆ, ಜಗಳ ಇನ್ನೂ ನಿಂತಿಲ್ಲ. ದಯವಿಟ್ಟು ಅಲ್ಲಿಗೆ ಹೋಗಿ.

ಹಿಮಕರಡಿ
ಎಲ್ಲರೂ ಚಾಕು ಚಾಕು ಅನ್ನುತ್ತಿದ್ದೀರಿ. ಅಲೋನ್ ಎಂಬ ಟಿವಿ ಸ್ಪರ್ಧೆಯ ಆರನೇ ಸೀಸನ್ ನೋಡಿ. ಕೆನಡಾದ ಗ್ರೇಟ್ ಸ್ಲೇವ್ ಕೆರೆ ದಂಡೆ. ತಮಗೆ ಬೇಕಾದ ಹತ್ತು ಸಾಮಾನು ಮಾತ್ರ ಒಯ್ಯಬಹುದು. ಗೆದ್ದ ಜೋರ್ಡನ್ ಜೋನಸ್ 77 ದಿನ ಇದ್ದರು. ಬಿಲ್ಲಿನಿಂದ ಮೂಸ್ ಹೊಡೆದರು, ಅಂದರೆ ಕುದುರೆಗಿಂತ ದೊಡ್ಡ ಜಿಂಕೆ. ಆ ಮಾಂಸ ಕದಿಯಲು ಬಂದ ವುಲ್ವರೀನ್ ಎಂಬ ಕಾಡುಪ್ರಾಣಿಯನ್ನು ಕೊಡಲಿಯಿಂದ ಕೊಂದರು. ಅವರ ಹತ್ತರ ಪಟ್ಟಿಯಲ್ಲಿ ಕೊಡಲಿ ಇತ್ತು, ಗರಗಸ ಇತ್ತು, ಮಲ್ಟಿಟೂಲ್ ಇತ್ತು. ಒರೆಚಾಕು ಇರಲೇ ಇಲ್ಲ.

ಉಕ್ಕಿನಮನುಷ್ಯ
ಅದು ಸ್ಪರ್ಧೆ. ನಿಯಮ ಇರುತ್ತದೆ.

ಹಿಮಕರಡಿ
ಹಸಿವು ನಿಜವೇ ಇರುತ್ತದೆ ಸ್ವಾಮಿ.

ಕೆನಡಾಕಾಕಾ
ನೋಡಿ, ಕೊಡಲಿ. ನಾನು ಆಗಲೇ ಹೇಳಿದ್ದೆ.

ಹಳೇಪುಸ್ತಕ
ನೆಸ್‌ಮುಕ್ ನಿಮಗಿಂತ ಮುಂಚೆ ಹೇಳಿದ್ದರು.

ಗುಡ್ಡದಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಮೆಸೇಜ್ ಹಾಕಿದೆ. ಮೊರಾ ಕಂಪ್ಯಾನಿಯನ್, ಕಾರ್ಬನ್ ಉಕ್ಕಿನದು. ಸೌದೆ ಸೀಳಲು ಮನೆಯಲ್ಲಿ ಕೊಡಲಿ ಇದ್ದೇ ಇದೆ. ಉಳಿದ ದುಡ್ಡಿಗೆ ಒಳ್ಳೆಯ ಸಾಣೆಕಲ್ಲು ತರಲು ಹೇಳಿದ್ದೇನೆ. ಇಷ್ಟೇನಾ ಅಂತ ಅವರಿಗೇ ಅನುಮಾನ. ಟೆಮಗಾಮಿ ಮುಂದಿನ ಸಲ, ಅಕ್ಕನ ಮೂಲಕ ಕೇಳಿಸುತ್ತೇನೆ.

ಒಂದು ಡೌಟು. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ. ಕಾರ್ಬನ್ ಉಕ್ಕು ಉಳಿಯುತ್ತದಾ?

ಸಾಣೆಕಲ್ಲು
ಬಳಸಿದ ಮೇಲೆ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ ಇಡಿ. ಒದ್ದೆ ಒರೆಯಲ್ಲಿ ಹಾಗೇ ತುರುಕಬೇಡಿ. ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿದರೆ ಕೂಡಲೇ ತೊಳೆಯಿರಿ. ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ತುಕ್ಕಲ್ಲ, ಹೆದರಬೇಡಿ. ಕೆಂಪು ಕಂಡರೆ ಮಾತ್ರ ಉಜ್ಜಿ.

ಪಶ್ಚಿಮಘಟ್ಟ
ಕೊಬ್ಬರಿ ಎಣ್ಣೆ ಹಚ್ಚಿ. ಅದರಲ್ಲೇ ಹಣ್ಣು ಕೊಯ್ದು ತಿನ್ನಬಹುದು.

ಸಾಣೆಕಲ್ಲು
ಕೊಬ್ಬರಿ ಎಣ್ಣೆ ತಿಂಗಳಾನುಗಟ್ಟಲೆ ಬಿಟ್ಟರೆ ಅಂಟಂಟಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಳ್ಳೆಯದು.

ಪಶ್ಚಿಮಘಟ್ಟ
ಮಷಿನ್ ಎಣ್ಣೆ ಹಚ್ಚಿದ ಚಾಕುವಿನಲ್ಲಿ ಮಾವಿನಹಣ್ಣು ಕೊಯ್ದು ನೀವೇ ತಿನ್ನಿ.

ಮಚ್ಚುಮಾಮ
ದಿನಾ ಬಳಸಿದರೆ ಯಾವ ಎಣ್ಣೆಯೂ ಬೇಡ. ನಮ್ಮ ಮನೆಯ ಮೆಟ್ಟುಗತ್ತಿಗೆ ಇವತ್ತಿನವರೆಗೆ ಯಾರೂ ಎಣ್ಣೆ ಹಚ್ಚಿಲ್ಲ, ಅಡಿಕೆ ಸುಲಿಯುತ್ತಾ ಸುಲಿಯುತ್ತಾ ಅದೇ ಹೊಳೆಯುತ್ತಿದೆ.

ಉಕ್ಕಿನಮನುಷ್ಯ
ಅದು ಫುಲ್ ಟ್ಯಾಂಗಾ?

ಮಚ್ಚುಮಾಮ
ಮರದ ಹಲಗೆಗೆ ಕೂರಿಸಿದ್ದು ಮಾರಾಯ್ರೆ. ಬಂದು ನೋಡಿ, ಬರುವಾಗ ನಾಲ್ಕು ಚೀಲ ಸುಲಿದು ಕೊಟ್ಟು ಹೋಗಿ.